ಡ್ರಾಗುನೊವ್ 800 ಮೀಟರಿಗೇ ನಿಲ್ಲುವುದು ಯಾಕೆ?

ಬದಿಯಡ್ಕ ವಾಚನಾಲಯ:
ಎನ್‌ಸಿಸಿ ಮಕ್ಕಳಿಗೆ ಸೇನೆಯ ಸ್ನೈಪರ್ ಕೋವಿಗಳ ಬಗ್ಗೆ ಹೇಳಲಿಕ್ಕಿದೆ. ಡ್ರಾಗುನೊವ್ 7.62 ಮಿ.ಮೀ., ನಂಬಿ ಹೊಡೆಯಬಹುದಾದ ದೂರ 800 ಮೀಟರ್. ನಮ್ಮ ಸೇನೆಗೆ ಈಚೆಗೆ ಬಂದ ಸಾಕೊ ಟಿಆರ್‌ಜಿ-42 ಆದರೆ 8.6 ಮಿ.ಮೀ., 1,500 ಮೀಟರ್. ಒಂದು ಮಿ.ಮೀ. ದಪ್ಪಕ್ಕೆ ಇಷ್ಟು ಅಂತರವಾ? ಮತ್ತೆ, ಡ್ರಾಗುನೊವ್‌ನ ಸ್ಕೋಪಿನಲ್ಲಿ 1,300ರ ಗುರುತು ಉಂಟಲ್ಲ, ಅದು ಯಾವುದಕ್ಕೆ?

ಮಂಜೇಶ್ವರ:
ಮಾಸ್ಟ್ರೇ, ಒಂದು ಮಿ.ಮೀ. ಕೂಡ ಇಲ್ಲ. 7.62 ಅಂದರೆ ನಳಿಗೆಯೊಳಗೆ ಸುರುಳಿಯಾಗಿ ಎದ್ದಿರುವ ಏಣುಗಳಲ್ಲಿ, ಒಂದು ಏಣಿನಿಂದ ಎದುರಿನ ಏಣಿಗೆ ಇರುವ ಅಳತೆ. ಆ ಗುಂಡಿನ ದಪ್ಪ ಸುಮಾರು 7.9. ಸಾಕೊದ 8.6 ಗುಂಡಿನದೇ ದಪ್ಪ. ಅಂತರ ಇರುವುದು ತೂಕದಲ್ಲಿ. ಡ್ರಾಗುನೊವ್‌ನ ಸ್ನೈಪರ್ ಗುಂಡು 9.8 ಗ್ರಾಂ, ಸೆಕೆಂಡಿಗೆ 830 ಮೀಟರ್. ಸಾಕೊಗೆ ಹಾಕುವ .338 ಲಪುವಾ ತೋಟಾದ ಗುಂಡು 16.2 ಗ್ರಾಂ, ವೇಗ 900ರ ಆಸುಪಾಸು. ನಳಿಗೆಯ ಬಾಯಲ್ಲಿ ಒಂದರ ಶಕ್ತಿ ಸುಮಾರು 3,400 ಜೂಲ್, ಇನ್ನೊಂದರದ್ದು 6,500.

ಉದ್ದ, ಭಾರದ ಗುಂಡು ವೇಗವನ್ನು ನಿಧಾನವಾಗಿ ಕಳೆದುಕೊಳ್ಳುತ್ತದೆ. ವೇಗ ಶಬ್ದದ ವೇಗಕ್ಕೆ, ಅಂದರೆ 340ರ ಹತ್ತಿರಕ್ಕೆ ಇಳಿಯುವಾಗ ಗುಂಡು ಓಲಾಡಲಿಕ್ಕೆ ಸುರು. ಅಲ್ಲಿಂದ ಮುಂದೆ ಲೆಕ್ಕ ನಂಬಲಿಕ್ಕಾಗದು. ಡ್ರಾಗುನೊವ್‌ಗೆ ಈ ಗಡಿ ಎಷ್ಟೋ ಮೊದಲೇ ಬರುತ್ತದೆ.

ಅಡ್ಡಗಾಳಿಯ ವಿಷಯ ಮಕ್ಕಳಿಗೆ ತಪ್ಪದೆ ಹೇಳಿ. ಗಾಳಿ ಎಷ್ಟು ತಳ್ಳುತ್ತದೆ ಎನ್ನುವುದು ಹಾರಿದ ಒಟ್ಟು ಸಮಯದಿಂದ ಸಿಗುವುದಿಲ್ಲ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಎಷ್ಟು ಹೊತ್ತು ಬೇಕಿತ್ತೋ, ಅದಕ್ಕಿಂತ ಎಷ್ಟು ತಡವಾಯಿತೋ ಆ ತಡವನ್ನು ಗಾಳಿಯ ವೇಗದಿಂದ ಗುಣಿಸಬೇಕು. ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ, ಅರ್ಧ ಸೆಕೆಂಡ್ ತಡ: ಗುಂಡು 2 ಮೀಟರ್ ಪಕ್ಕಕ್ಕೆ. ಭಾರದ ಗುಂಡಿಗೆ ಲಾಭ ಇಲ್ಲಿಯೇ.

ಕುಂಬಳೆ:
1,300ರ ವಿಷಯ. ಡ್ರಾಗುನೊವ್‌ನ ಪಿಎಸ್‌ಒ-1 ಸ್ಕೋಪಿನಲ್ಲಿ ದೂರ ಹೊಂದಿಸುವ ತಿರುಗುಗುಂಡಿ 10ಕ್ಕೆ, ಅಂದರೆ 1,000 ಮೀಟರಿಗೆ ಮುಗಿಯುತ್ತದೆ. ಕೆಳಗಿನ ಮೂರು ಬಾಣದ ಗುರುತು 1,100, 1,200, 1,300ಕ್ಕೆ. ಗುಂಡು ಆ ಸುತ್ತಿನಲ್ಲಿ ಬಿದ್ದೀತು, ಅಷ್ಟೇ. ಒಂಟಿ ಗುರಿಗೆ ತಾಗಿಯೇ ತಾಗುತ್ತದೆ ಎನ್ನುವ ಭರವಸೆಯಲ್ಲ.

ಗುಂಡುಗಳ ಚದುರುವಿಕೆಯನ್ನು ಎನ್‌ಸಿಸಿಯ .22 ಕೋವಿಯಿಂದಲೇ ತೋರಿಸಬಹುದು. 25 ಮೀಟರಿನಲ್ಲಿ ಒಂದು ಮಿನಿಟ್ ಕೋನ (ಡಿಗ್ರಿಯ ಅರುವತ್ತರಲ್ಲಿ ಒಂದು ಪಾಲು) ಅಂದರೆ 7 ಮಿ.ಮೀ., 800ರಲ್ಲಿ ಅದೇ 23 ಸೆಂ.ಮೀ. ಎರಡು ಮಿನಿಟ್ ಚದುರುವ ಕೋವಿಗೆ 46. ಡ್ರಾಗುನೊವ್ ಗ್ಯಾಸಿನಿಂದ ತಾನೇ ತುಂಬಿಕೊಳ್ಳುವ, 10 ತೋಟಾದ ಕೋವಿ; ಅದರಲ್ಲಿ ಓಡಾಡುವ ಬಿಡಿಭಾಗ ಹೆಚ್ಚು, ನಳಿಗೆ ತೆಳು. ಮೆಶಿನ್‌ಗನ್ನಿನ ಮಾಮೂಲಿ ತೋಟಾವೂ ಅದಕ್ಕೆ ಹಿಡಿಯುತ್ತದೆ, ಆದರೆ ಹಾಕಿದರೆ ಚದುರುವಿಕೆ ಇನ್ನೂ ಅಗಲವಾಗುತ್ತದೆ. ಸಾಕೊದ ಬೋಲ್ಟ್, ಅಂದರೆ ತೋಟಾವನ್ನು ನಳಿಗೆಗೆ ತಳ್ಳುವ ಅಗುಳಿ, ಕೈಯಲ್ಲಿ ಎಳೆಯಬೇಕು, ನಳಿಗೆ ದಪ್ಪ.

ತಾಳವಾಡಿ:
ನಮ್ಮ ತಮಿಳುನಾಡಿನ ತಿರುಚಿರಾಪಳ್ಳಿ ಕಾರ್ಖಾನೆಯ ವಿಧ್ವಂಸಕ್ ಕೋವಿಯನ್ನು ಇದೇ ಸಾಲಿಗೆ ಸೇರಿಸಬೇಡಿ, ಮಾಸ್ಟ್ರೇ. 12.7, 14.5, 20 ಮಿ.ಮೀ. ಗುಂಡಿನ ಅದು ವಾಹನ, ರಾಡಾರ್ ಕೆಡಿಸಲು ಮಾಡಿದ್ದು. ನಳಿಗೆ, ಬೋಲ್ಟ್, ಮ್ಯಾಗಜಿನ್, ಸ್ಕೋಪ್ ಬದಲಿಸಿ ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ.