ನಾನು ಮಾಡದ ಸಾಲದ ಕಂತು ನನ್ನ ಬಾಡಿಗೆ ಮನೆಯ ಕರೆಂಟ್ ಬಿಲ್ಲಿನಲ್ಲಿ: ಗ್ರೀನ್ ಡೀಲ್ ಬಗ್ಗೆ ಸಲಹೆ ಬೇಕು

ಪ್ರಶ್ನೆ (ರೆಡಿಂಗ್‌ನಿಂದ)

ಇಂಗ್ಲೆಂಡಿನಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟಿರುವ ಕನ್ನಡಿಗರಲ್ಲಿ ಯಾರಿಗಾದರೂ ಗ್ರೀನ್ ಡೀಲ್ ಸಾಲದ (ಮನೆಯಲ್ಲಿ ಇಂಧನ ಉಳಿಸುವ ಕೆಲಸ ಮಾಡಿಸಲು ಕೊಟ್ಟು, ವಿದ್ಯುತ್ ಬಿಲ್ಲಿನ ಮೂಲಕ ವಸೂಲು ಮಾಡುವ ಸಾಲ) ಅನುಭವವಿದ್ದರೆ ದಯವಿಟ್ಟು ತಿಳಿಸಿ. ನಾನು ದಾವಣಗೆರೆ ಕಡೆಯವನು. 2021ರ ಮಾರ್ಚಿನಲ್ಲಿ ಡರ್ಬಿಯಲ್ಲಿ ಎರಡು ಮಲಗುವ ಕೋಣೆಗಳ ಹಳೆಯ ಇಟ್ಟಿಗೆ ಮನೆಯೊಂದನ್ನು ಕೊಂಡು, ಅದೇ ಜೂನ್ ತಿಂಗಳಿನಿಂದ ಬಾಡಿಗೆಗೆ ಕೊಟ್ಟಿದ್ದೆ. 2024ರ ಸೆಪ್ಟೆಂಬರಿನಲ್ಲಿ ಬಾಡಿಗೆದಾರರು ಮನೆ ಖಾಲಿ ಮಾಡಿದ ಮೇಲೆ ವಿದ್ಯುತ್ ಖಾತೆಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡು, ಪ್ರೀಪೇಯ್ಡ್ ಮೀಟರನ್ನು ತಿಂಗಳ ಬಿಲ್ಲಿನ ವ್ಯವಸ್ಥೆಗೆ ಬದಲಾಯಿಸಿಕೊಂಡೆ. ಮನೆಗೆ ಬೀಗ ಹಾಕಿದ್ದು, ಫ್ರಿಜ್ಜಿನ ಪ್ಲಗ್ ಸಹ ಕಿತ್ತಿದ್ದರೂ ಮೊದಲ ಬಿಲ್ಲಿನಲ್ಲಿ 42 ದಿನಗಳಿಗೆ, ದಿನಕ್ಕೆ 1.58 ಪೌಂಡಿನಂತೆ, 66.36 ಪೌಂಡ್ ‘ಗ್ರೀನ್ ಡೀಲ್’ ಎಂಬ ನಮೂದೊಂದು ಕಾಣಿಸಿತು.

ವಿದ್ಯುತ್ ಕಂಪನಿಯನ್ನು ವಿಚಾರಿಸಿದಾಗ, 2014ರ ಕೊನೆಯಲ್ಲಿ ಹಿಂದಿನ ಮಾಲೀಕರು ಹೊರಗೋಡೆಗೆ ಶಾಖನಿರೋಧಕ ಹೊದಿಕೆ ಹಾಕಿಸಲು ಶೇ. 8ರ ಬಡ್ಡಿಗೆ 5,900 ಪೌಂಡ್ ಸಾಲ ಮಾಡಿದ್ದರೆಂದೂ, ಅದು 22 ವರ್ಷಗಳ ಸಾಲವೆಂದೂ, 2036ರವರೆಗೆ ಮನೆಯ ಬಿಲ್ ಯಾರು ಕಟ್ಟುತ್ತಾರೋ ಅವರೇ ಕಂತನ್ನೂ ಕಟ್ಟಬೇಕೆಂದೂ ಹೇಳಿದರು. ಹೊದಿಕೆ ಇರುವುದು ಹಿಂಗೋಡೆಗೆ ಮಾತ್ರ, ಅದರಲ್ಲೂ ಅಡುಗೆಮನೆಯ ಕಿಟಕಿಯ ಕೆಳಗೆ ತೇವ ಏರಿ ಬಣ್ಣ ಹಕ್ಕಳೆಯಾಗಿ ಏಳುತ್ತಿದೆ. ಕೆಲಸ ಮಾಡಿದ ಕಂಪನಿ ಮುಚ್ಚಿಹೋಗಿದೆ. ಸಾಲವನ್ನು ನೋಡಿಕೊಳ್ಳುವ ಸಂಸ್ಥೆಯವರು ಮನೆಯ ಕ್ರಯವ್ಯವಹಾರಕ್ಕೂ ತಮಗೂ ಸಂಬಂಧವಿಲ್ಲವೆಂದು ಎರಡು ಸಾಲಿನ ಉತ್ತರ ಬರೆದಿದ್ದಾರೆ. ಕೊಳ್ಳುವಾಗ ನನಗೆ ಕೊಟ್ಟ ಇಪಿಸಿ, ಅಂದರೆ ಮನೆಯ ಇಂಧನ ಪ್ರಮಾಣಪತ್ರ, 2012ರದು. ಅದರಲ್ಲಿ ಈ ಸಾಲದ ಸುಳಿವೇ ಇಲ್ಲ. ಈಗ ನೆನಪಾಗುತ್ತದೆ, ಬಾಡಿಗೆಗಿದ್ದ ಮಹಿಳೆ ಎರಡು ಸಲ ‘ನಾನು ಊರಲ್ಲಿಲ್ಲದಿದ್ದರೂ ಮೀಟರು ದುಡ್ಡು ತಿಂದಿರುತ್ತದೆ’ ಎಂದು ಸಂದೇಶ ಕಳಿಸಿದ್ದರು. ಸ್ಟ್ಯಾಂಡಿಂಗ್ ಚಾರ್ಜ್, ಅಂದರೆ ಬಳಸದಿದ್ದರೂ ದಿನವೂ ಬೀಳುವ ಸ್ಥಿರ ಶುಲ್ಕ, ಇರಬೇಕೆಂದು ನಾನು ಉತ್ತರಿಸಿ ಸುಮ್ಮನಾಗಿದ್ದೆ.

ಈ ಸಾಲವನ್ನು ನಾನು ಪ್ರಶ್ನಿಸಬಹುದೇ? ಯಾರ ಮುಂದೆ? ಅಲ್ಲಿಯವರೆಗೆ ಕಂತು ಕಟ್ಟುವುದನ್ನು ನಿಲ್ಲಿಸಬಹುದೇ?

ಉತ್ತರ 1 (ಆಸ್ತಿ ವರ್ಗಾವಣೆಯ ಕಚೇರಿಯಲ್ಲಿ ಕೆಲಸ ಮಾಡುವವರು)

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ನಿಲ್ಲಿಸಬೇಡಿ. ಕಂತು ವಿದ್ಯುತ್ ಬಿಲ್ಲಿನ ಭಾಗವೇ ಆಗಿರುವುದರಿಂದ ಅದನ್ನು ಕಟ್ಟದಿದ್ದರೆ ವಿದ್ಯುತ್ ಬಾಕಿದಾರರಾಗುತ್ತೀರಿ. ‘ಹಕ್ಕು ಕಾಯ್ದಿರಿಸಿಕೊಂಡು, ಆಕ್ಷೇಪಣೆಯೊಂದಿಗೆ ಕಟ್ಟುತ್ತಿದ್ದೇನೆ’ ಎಂದು ಬರಹದಲ್ಲಿ ತಿಳಿಸಿ ಕಟ್ಟುತ್ತಿರಿ.

2011ರ ಎನರ್ಜಿ ಆ್ಯಕ್ಟ್ ಆಧಾರದ ಮೇಲೆ 2013ರ ಜನವರಿಯಲ್ಲಿ ಆರಂಭವಾದ ಈ ಯೋಜನೆಯ ವಿಚಿತ್ರವೆಂದರೆ ಸಾಲ ಮನುಷ್ಯನಿಗಲ್ಲ, ಮೀಟರಿಗೆ ಅಂಟಿಕೊಂಡಿರುತ್ತದೆ. ನಮ್ಮೂರಿನಲ್ಲಿ ಮನೆ ಕೊಳ್ಳುವ ಮೊದಲು ಇಸಿ ತೆಗೆಸಿ ಋಣಭಾರ ನೋಡುತ್ತೇವಲ್ಲ, ಇಲ್ಲಿನ ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ಅಡಮಾನ ಕಾಣಿಸುವ ಹಾಗೆ ಗ್ರೀನ್ ಡೀಲ್ ಕಾಣಿಸುವುದಿಲ್ಲ. ಹಾಗಾಗಿಯೇ ಮಾರುವವರೂ ಬಾಡಿಗೆಗೆ ಕೊಡುವವರೂ ಅದನ್ನು ಮೊದಲೇ ಬಹಿರಂಗಪಡಿಸಿ, ‘ಕಂತು ಕಟ್ಟುವ ಹೊಣೆ ನನ್ನದೆಂದು ತಿಳಿದಿದ್ದೇನೆ’ ಎಂಬ ಲಿಖಿತ ಒಪ್ಪಿಗೆಯನ್ನು ಪಡೆಯಬೇಕೆಂದು 2012ರ ನಿಯಮಗಳು ಹೇಳುತ್ತವೆ. ಒಂದು ಸಮಾಧಾನವೆಂದರೆ ಹಿಂದಿನವರ ಬಾಕಿ ನಿಮ್ಮ ತಲೆಗೆ ಬರುವುದಿಲ್ಲ. ನೀವು ಬಿಲ್ ಕಟ್ಟುವ ಅವಧಿಯ ಕಂತಷ್ಟೇ ನಿಮ್ಮದು.

ನೀವು ಎರಡು ಕಾಗದಗಳನ್ನು ಹುಡುಕಬೇಕು. ಮೊದಲನೆಯದು ಇಪಿಸಿ. ಗ್ರೀನ್ ಡೀಲ್ ಕೆಲಸ ಮುಗಿದ ಮೇಲೆ ಸಾಲದ ವಿವರವಿರುವ ಹೊಸ ಇಪಿಸಿಯನ್ನು ನೋಂದಾಯಿಸಬೇಕಿತ್ತು. ಸರ್ಕಾರದ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಕೊಟ್ಟರೆ ಅದು ಉಚಿತವಾಗಿ ಸಿಗುತ್ತದೆ. ನಿಮಗೆ 2012ರದನ್ನು ಕೊಟ್ಟರೆಂದರೆ ಹೊಸದು ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಎರಡನೆಯದು ಮನೆಯ ಬಗ್ಗೆ ಮಾರುವವರು ತುಂಬಿಕೊಡುವ ಟಿಎ6 ಎಂಬ ನಮೂನೆ. ಮನೆಯಲ್ಲಿನ ಯಾವುದಾದರೂ ಅಳವಡಿಕೆಗೆ ಗ್ರೀನ್ ಡೀಲ್ ಹಣ ಬಳಸಲಾಗಿದೆಯೇ ಎಂದು ಅದರಲ್ಲಿ ಮಾರುವವರನ್ನು ನೇರವಾಗಿಯೇ ಕೇಳಲಾಗಿದೆ, ಹೌದಾದರೆ ಕೊನೆಯ ವಿದ್ಯುತ್ ಬಿಲ್ಲಿನ ಪ್ರತಿಯನ್ನೂ ಲಗತ್ತಿಸಬೇಕು. ಅಲ್ಲಿ ‘ಇಲ್ಲ’ ಎಂದು ಗುರುತು ಹಾಕಿದ್ದರೆ ಮಾರಿದವರ ಮೇಲೆ 1967ರ ಮಿಸ್‌ರೆಪ್ರಸೆಂಟೇಷನ್ (ತಪ್ಪು ಮಾಹಿತಿ ಕೊಟ್ಟು ಕರಾರು ಮಾಡಿಸುವುದರ) ಕಾಯ್ದೆಯಡಿ ಪರಿಹಾರ ಕೇಳಬಹುದು. ‘ಹೌದು’ ಎಂದಿದ್ದೂ ನಿಮ್ಮ ಸಾಲಿಸಿಟರ್ (ಕೊಳ್ಳುವಾಗ ನಿಮ್ಮ ಪರ ಕಾಗದಪತ್ರ ನೋಡಿದ ವಕೀಲರು) ನಿಮಗೆ ಹೇಳದೇ ಹೋಗಿದ್ದರೆ ದೂರು ಅವರ ಮೇಲೆ. ಸಾಲಿಸಿಟರಿಗೆ ಮೊದಲು ಲಿಖಿತ ದೂರು ಕೊಟ್ಟು, ಎಂಟು ವಾರಗಳಲ್ಲಿ ತೃಪ್ತಿಕರ ಉತ್ತರ ಬರದಿದ್ದರೆ ವಕೀಲರ ಮೇಲಿನ ದೂರುಗಳನ್ನು ವಿಚಾರಿಸುವ ಲೀಗಲ್ ಒಂಬಡ್ಸ್‌ಮನ್ ಬಳಿ ಹೋಗಬೇಕು; ವಿಷಯ ತಿಳಿದ ದಿನದಿಂದ ಅಲ್ಲಿಗೆ ಒಂದು ವರ್ಷದ ಗಡುವು. ನ್ಯಾಯಾಲಯಕ್ಕೆ ಹೋಗುವುದಾದರೆ ಸಾಮಾನ್ಯ ಮಿತಿ ಆರು ವರ್ಷ, ಅಂದರೆ ನಿಮ್ಮ ಲೆಕ್ಕದಲ್ಲಿ 2027ರ ಮಾರ್ಚ್.

ಗೋಡೆಯ ಹೊದಿಕೆಗೆ ಈ ಯೋಜನೆಯಡಿ 25 ವರ್ಷಗಳ ಖಾತರಿ ಕಡ್ಡಾಯವಾಗಿತ್ತು. ಕಂಪನಿ ಮುಚ್ಚಿದರೂ ಖಾತರಿ ಬೇರೆಯವರ ಬಳಿ ಉಳಿದಿರಬಹುದು, ಆ ಪತ್ರವನ್ನು ಸಾಲದ ಸಂಸ್ಥೆಯಿಂದ ಕೇಳಿ ಪಡೆಯಿರಿ. ತೇವದ ವಿಷಯವನ್ನು ಸಾಲದ ವಿಷಯದೊಂದಿಗೆ ಒಂದೇ ಪತ್ರದಲ್ಲಿ ಕಲಸಬೇಡಿ.

ಉತ್ತರ 2 (ಲೆಕ್ಕಪರಿಶೋಧಕರು, ಬರ್ಮಿಂಗ್‌ಹ್ಯಾಮ್)

ಕಾನೂನು ನನ್ನ ಕ್ಷೇತ್ರವಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. ದಿನಕ್ಕೆ 1.58 ಎಂದರೆ ವರ್ಷಕ್ಕೆ ಸುಮಾರು 577 ಪೌಂಡ್, 22 ವರ್ಷಗಳಿಗೆ ಸುಮಾರು 12,700. ಹತ್ತು ವರ್ಷಗಳಲ್ಲಿ ಈಗಾಗಲೇ 5,770 ಪೌಂಡ್ ಸಂದಾಯವಾಗಿದ್ದರೂ ಅಸಲು ಇಳಿದಿರುವುದು ಸುಮಾರು 1,550 ಮಾತ್ರ. ಉಳಿದ ಅಸಲು ಅಂದಾಜು 4,350. ಇನ್ನು ಹನ್ನೆರಡು ವರ್ಷ ಕಂತಿನಲ್ಲೇ ಕಟ್ಟಿದರೆ ಹತ್ತಿರ ಹತ್ತಿರ 6,900 ಆಗುತ್ತದೆ. ಪರಿಹಾರ ಕೇಳುವಾಗ ಈ ಎರಡು ಅಂಕಿಗಳಲ್ಲಿ ಯಾವುದನ್ನು ಕೇಳುತ್ತಿದ್ದೀರೆಂದು ಸ್ಪಷ್ಟಪಡಿಸಿ, ಅದಕ್ಕೂ ಮೊದಲು ಸಂಸ್ಥೆಯಿಂದ ಲಿಖಿತ ಚುಕ್ತಾ ಮೊತ್ತ ತರಿಸಿಕೊಳ್ಳಿ. ವಿವಾದ ಇತ್ಯರ್ಥವಾಗುವ ಮೊದಲೇ ನೀವೇ ತೀರಿಸಿಬಿಟ್ಟರೆ ಎದುರಿನವರಿಗೆ ಆತುರವೇ ಇರುವುದಿಲ್ಲವೆಂಬುದು ನನ್ನ ಅಭಿಪ್ರಾಯ.

‘ಬಿಲ್ಲಿನಲ್ಲಿ ಉಳಿತಾಯವೇ ಆಗಿಲ್ಲ’ ಎಂಬ ವಾದವನ್ನು ಮುಂದಿಡಬೇಡಿ. ನಿರೀಕ್ಷಿತ ಉಳಿತಾಯಕ್ಕಿಂತ ಕಂತು ಹೆಚ್ಚಿರಬಾರದೆಂಬ ‘ಗೋಲ್ಡನ್ ರೂಲ್’ ಇದ್ದದ್ದು ನಿಜ, ಆದರೆ ಅದು ಸಾಧಾರಣ ಕುಟುಂಬವೊಂದರ ಬಳಕೆಯನ್ನು ಆಧರಿಸಿದ ಅಂದಾಜೇ ಹೊರತು ಖಾತರಿಯಲ್ಲ. ಗೃಹಸಾಲ ಇದಕ್ಕಿಂತ ಎಷ್ಟೋ ಅಗ್ಗವಾಗಿದ್ದ ಕಾಲದಲ್ಲಿ ಈ ದುಬಾರಿ ಬಡ್ಡಿಗೆ ಒಪ್ಪಿದವರು ದೇಶದಲ್ಲೆಲ್ಲ ಸುಮಾರು 14,000 ಮನೆಯವರು. 2015ರ ಜುಲೈಯಲ್ಲಿ ಸರ್ಕಾರ ಹೊಸ ಹಣ ಕೊಡುವುದನ್ನೇ ನಿಲ್ಲಿಸಿತು.

ಉತ್ತರ 3 (ಲೆಸ್ಟರ್‌ನಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟಿರುವವರು)

ಹಿರಿಯರು ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತನ್ನು ಯಾರೂ ಎತ್ತಲಿಲ್ಲ. ಮಾರಿದವರು ನಿಮಗೆ ಏನು ಮಾಡಿದರೋ ಅದನ್ನೇ ನೀವು ನಿಮ್ಮ ಬಾಡಿಗೆದಾರರಿಗೆ ಮಾಡಿದ್ದೀರಿ. 2021ರ ಜೂನ್‌ನಲ್ಲಿ ಅವರಿಗೆ ಕೊಟ್ಟದ್ದೂ ಅದೇ 2012ರ ಇಪಿಸಿ ಆಗಿರಬೇಕಲ್ಲವೇ? ಮೂವತ್ತೊಂಬತ್ತು ತಿಂಗಳು ಆ ತಾಯಿ ನಿಮ್ಮ ಗೋಡೆಯ ಸಾಲವನ್ನು ಟಾಪ್-ಅಪ್ ಹಾಕಿ ಹಾಕಿ ತೀರಿಸಿದ್ದಾರೆ. ನಿಮಗೆ ತಿಳಿದಿರಲಿಲ್ಲ, ಒಪ್ಪುತ್ತೇನೆ; ಮಾರಿದವರೂ ನಾಳೆ ಅದನ್ನೇ ಹೇಳಬಹುದು. ಬಹಿರಂಗಪಡಿಸದ ಮಾಲೀಕನಿಂದ ಬಾಡಿಗೆದಾರರಿಗೆ ಪರಿಹಾರ ಕೊಡಿಸುವ ಅಧಿಕಾರ ಇಂಧನ ಸಚಿವರಿಗಿದೆ. ನೀವು ಬೇರೆಯವರ ಮೇಲೆ ಪತ್ರ ಬರೆಯುವ ಮೊದಲು ಬಾಡಿಗೆದಾರರೊಂದಿಗಿನ ಈ ಲೆಕ್ಕವನ್ನು ಚುಕ್ತಾ ಮಾಡಿಕೊಳ್ಳುವುದು ಒಳ್ಳೆಯದು. ಹೊಸ ಬಾಡಿಗೆದಾರರಿಗೆ ಕರಾರಿನಲ್ಲೇ ತಿಳಿಸಿ ಸಹಿ ಪಡೆಯಿರಿ. ಸಣ್ಣ ವಿದ್ಯುತ್ ಕಂಪನಿಗಳು ಈ ಕಂತನ್ನು ವಸೂಲು ಮಾಡಿಕೊಡಲು ಬದ್ಧವಲ್ಲದ ಕಾರಣ ಬಾಡಿಗೆದಾರರಿಗೆ ಕಂಪನಿ ಬದಲಾಯಿಸುವ ಆಯ್ಕೆಯೂ ಕಡಿಮೆಯಿರುತ್ತದೆ, ಬಾಡಿಗೆ ನಿಗದಿ ಮಾಡುವಾಗ ಅದನ್ನೂ ಗಮನಿಸಿ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ)

ಉತ್ತರ ಮೂರನ್ನು ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ, ಆಮೇಲೆ ಬಾಡಿಗೆ ಕರಾರಿನ ಕಡತ ತೆಗೆದು ನೋಡಿದೆ. ಅವರು ಊಹಿಸಿದ್ದು ನಿಜ: ಅದೇ ಇಪಿಸಿ, ಅದೇ 2012. ಸರ್ಕಾರದ ಜಾಲತಾಣದಲ್ಲಿ 2014ರ ಡಿಸೆಂಬರಿನ ಇಪಿಸಿ ಸಿಕ್ಕಿತು, ಅದರಲ್ಲಿ ಸಾಲದ ವಿವರವೆಲ್ಲ ಇದೆ. ನಾನು 2021ರಲ್ಲಿ ಐದು ನಿಮಿಷ ವ್ಯಯಿಸಿದ್ದರೆ ನನಗೂ ಸಿಗುತ್ತಿತ್ತು.

ಟಿಎ6 ನಮೂನೆಯಲ್ಲಿ ಗ್ರೀನ್ ಡೀಲ್ ಪ್ರಶ್ನೆಯ ಎದುರು ಎರಡೂ ಚೌಕಗಳು ಖಾಲಿ ಬಿಟ್ಟಿವೆ. ನನ್ನ ಸಾಲಿಸಿಟರ್ ಮಾರುವವರ ಕಡೆಗೆ ಕಳಿಸಿದ ಹದಿನೇಳು ಪ್ರಶ್ನೆಗಳ ಪಟ್ಟಿಯಲ್ಲಿ ಬೇಲಿ ಯಾರದು, ಬಾಯ್ಲರ್ ಸರ್ವೀಸ್ ಯಾವಾಗ ಎಂಬುದೆಲ್ಲ ಇದೆ, ಈ ಖಾಲಿ ಚೌಕಗಳ ಪ್ರಸ್ತಾಪವಿಲ್ಲ. ಬಾಡಿಗೆಗಿದ್ದ ಮಹಿಳೆಗೆ ವಿಷಯವನ್ನು ವಿವರಿಸಿ ಪತ್ರ ಬರೆದು 1,875 ಪೌಂಡ್ ಹಿಂದಿರುಗಿಸಿದ್ದೇನೆ. ಅವರು ಹಳೆಯ ಸಂದೇಶವನ್ನೇ ಮತ್ತೊಮ್ಮೆ ಕಳಿಸಿ, ಕೆಳಗೆ ‘ಹೇಳಿದ್ದೆನಲ್ಲ’ ಎಂದು ಸೇರಿಸಿದ್ದರು.

ಉತ್ತರ 1

ಖಾಲಿ ಬಿಟ್ಟ ಚೌಕವನ್ನು ಸುಳ್ಳು ಉತ್ತರವೆಂದು ಸಾಧಿಸುವುದು ಕಷ್ಟ, ಆದ್ದರಿಂದ ಮಾರಿದವರ ಬೆನ್ನು ಬಿಡಿ. ಉತ್ತರವಿಲ್ಲದ ಪ್ರಶ್ನೆಯನ್ನು ಮತ್ತೆ ಕೇಳುವುದು ಸಾಲಿಸಿಟರ್ ಕೆಲಸ, ದೂರು ಅವರ ಮೇಲೆಯೇ ಬಲವಾಗಿ ನಿಲ್ಲುತ್ತದೆ. ದೂರಿನ ಪತ್ರದೊಂದಿಗೆ ಮೂರು ಪ್ರತಿಗಳು ಸಾಕು: ಟಿಎ6ರ ಆ ಪುಟ, ಹದಿನೇಳು ಪ್ರಶ್ನೆಗಳ ಪಟ್ಟಿ, ಚುಕ್ತಾ ಮೊತ್ತದ ಪತ್ರ. ಬಾಡಿಗೆದಾರರಿಗೆ ಕೊಟ್ಟ 1,875 ಪೌಂಡಿನ ರಸೀದಿಯನ್ನೂ ಜೋಪಾನವಾಗಿಡಿ. ಅದನ್ನು ಬೇಡಿಕೆಯಲ್ಲಿ ಸೇರಿಸುವುದೋ ಬೇಡವೋ ಎಂಬುದನ್ನು ಸಾಲಿಸಿಟರ್ ಕಡೆಯಿಂದ ಮೊದಲ ಉತ್ತರ ಬಂದ ಮೇಲೆ ನೋಡೋಣ.