ಟರ್ಬಿಯಂ ಮ್ಯಾಂಗನೈಟ್: 43 ಕೆಲ್ವಿನ್ ಬಳಿಯ ಉಬ್ಬು ಯಾರದ್ದು?

ಪ್ರಶ್ನೆ: ಪುಡಿ ಮಾದರಿ, ಸ್ಕ್ವಿಡ್‌ನಲ್ಲಿ (ಸೂಕ್ಷ್ಮ ಕಾಂತತ್ವಮಾಪಕ) ಕಾಂತಕ್ಷೇತ್ರ 100 ಓರ್‌ಸ್ಟೆಡ್. 43 ಕೆಲ್ವಿನ್ ಬಳಿ ಕಾಂತತ್ವದ ಗೆರೆಯಲ್ಲಿ ಉಬ್ಬಿದೆ, ಝಡ್‌ಎಫ್‌ಸಿ–ಎಫ್‌ಸಿ (ಕ್ಷೇತ್ರವಿಲ್ಲದೆ ತಣಿಸಿ, ಕ್ಷೇತ್ರದಲ್ಲಿ ತಣಿಸಿ ಅಳೆದ) ಗೆರೆಗಳು ಕವಲೊಡೆಯುತ್ತವೆ. ಮ್ಯಾಂಗನೀಸಿನ ಆಂಟಿಫೆರೊ ಕ್ರಮ (ಪಕ್ಕದ ಪರಮಾಣು ಕಾಂತಗಳು ವಿರುದ್ಧ ದಿಕ್ಕಿಗೆ ಜೋಡಣೆಯಾಗುವುದು) ತಾನೆ?

ಉತ್ತರ 1: ಅನುಮಾನ. ಆ ಕ್ರಮ 41ರಲ್ಲಿ ಶುರುವಾಗುವುದು ನಿಜ, ಆದರೆ ಟರ್ಬಿಯಂನ ದೊಡ್ಡ ಕಾಂತತ್ವ ಅದನ್ನು ಮುಚ್ಚಿಬಿಡುತ್ತದೆ. ಕವಲು ಬಹುಶಃ ಹೌಸ್ಮನೈಟ್ (ಮ್ಯಾಂಗನೀಸಿನ ಒಂದು ಆಕ್ಸೈಡ್) ಕಲಬೆರಕೆಯದು. ಅದು 42ರ ಸುಮಾರಿಗೆ ಫೆರಿಕಾಂತವಾಗುತ್ತದೆ (ವಿರುದ್ಧ ಕಾಂತಗಳು ಪೂರ್ತಿ ರದ್ದಾಗದೆ ನಿವ್ವಳ ಕಾಂತತ್ವ ಉಳಿಯುತ್ತದೆ). ಶೇ. 1ಕ್ಕಿಂತ ಕಡಿಮೆಯಿದ್ದರೆ ಎಕ್ಸ್-ರೇಯಲ್ಲಿ ಸಿಗುವುದು ಕಷ್ಟ. 30 ಕೆಲ್ವಿನ್‌ನಲ್ಲಿ ಹಿಸ್ಟೆರಿಸಿಸ್ ಕುಣಿಕೆ (ಕ್ಷೇತ್ರ ಏರಿಸಿ ಇಳಿಸಿದಾಗಿನ ಕಾಂತತ್ವದ ಗೆರೆ) ತೆಗೆಯಿರಿ. ಬಾಯಿ ತೆರೆದಿದ್ದರೆ ಕಳ್ಳ ಅದೇ.

ಉತ್ತರ 2: ಅದಕ್ಕೂ ಮೊದಲು ಮಾದರಿಯ ಕ್ಯಾಪ್ಸೂಲಿನಿಂದ ಗಾಳಿ ತೆಗೆಯಿರಿ. ಘನ ಆಮ್ಲಜನಕ 43.8ರಲ್ಲಿ ರೂಪ ಬದಲಿಸಿ ಇಂಥದ್ದೇ ಉಬ್ಬು ಕೊಡುತ್ತದೆ. ಕ್ಯಾಪ್ಸೂಲಿಗೆ ಸೂಜಿತೂತು ಹಾಕಿ, ಕೋಣೆಯ ಉಷ್ಣತೆಯಲ್ಲೇ ಮೂರು ಸಲ ಹೀಲಿಯಂ ಪರ್ಜ್ (ಗಾಳಿ ಎಳೆದು ಹೀಲಿಯಂ ತುಂಬುವುದು) ಮಾಡಿ. ಉಬ್ಬು ಮಾಯವಾದರೆ ಸರಿ, ಉಳಿದರೆ ಮೇಲಿನ ಉತ್ತರ.

ಪ್ರಶ್ನಿಸಿದವರು: ಟರ್ಬಿಯಂ ಮ್ಯಾಂಗನೈಟಿನ ವಿದ್ಯುತ್ ಧ್ರುವೀಕರಣ ಕಾಣುವುದು ಯಾವಾಗ?

ಉತ್ತರ 1: ಸುಮಾರು 28ರ ಕೆಳಗೆ, ಸ್ಫಟಿಕದ ಸಿ ಅಕ್ಷದಗುಂಟ. ಏಕಸ್ಫಟಿಕ ಬೇಕು. ಪೋಲಿಂಗ್ ಕ್ಷೇತ್ರ (ತಣಿಸುವಾಗ ಕೊಡುವ ವಿದ್ಯುತ್ ಕ್ಷೇತ್ರ) ತಿರುಗಿಸಿದಾಗ ಪೈರೊಕರೆಂಟಿನ (ಬಿಸಿಮಾಡುವಾಗ ಹರಿಯುವ ವಿದ್ಯುತ್ತಿನ) ಚಿಹ್ನೆಯೂ ತಿರುಗಬೇಕು.