ಕಡಿಮೆ ಖರ್ಚಿನ ಊಟ: ಡಯಟೀಶಿಯನ್ ಮೇಡಂಗೆ ಕೇಳಿ

ಮೈಸೂರಿನ ಗೃಹಿಣಿ: ಮೇಡಂ, ಎಲ್ಲರೂ ಕಿನ್ವಾ ತಿನ್ನಿ ಅಂತಾರೆ. ಬೆಲೆ ಕೇಳಿದರೆ ಭಯ ಆಗುತ್ತದೆ. ಬೇಕೇ ಬೇಕಾ?

ಡಯಟೀಶಿಯನ್: ಬೇಡ. ಅದು ಪೆರು, ಬೊಲಿವಿಯಾದ ಬೆಟ್ಟದ ಜನರ ದಿನದ ಊಟ. ಅಲ್ಲಿ ಬೆಳೆಯುತ್ತದೆ, ತಿನ್ನುತ್ತಾರೆ. ನಿಮ್ಮ ಹತ್ತಿರ ರಾಗಿ ಇದೆ. 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಜೊತೆಗೆ ಹುರುಳಿಕಾಳು ಸಾರು, ಸೊಪ್ಪು.

ಬರ್ಲಿನ್ ವಿದ್ಯಾರ್ಥಿ: ಇಲ್ಲಿ ಎಂಎಸ್ ಓದುತ್ತಿದ್ದೇನೆ. ಸಸ್ಯಾಹಾರಿ. ಹಾಲು, ಮೊಸರು ಬಿಟ್ಟು ವರ್ಷಗಳಾದವು. ದುಡ್ಡು ಉಳಿಸಲು ಬರೀ ಬ್ರೆಡ್, ಪಾಸ್ತಾ. ಈಗ ತುಂಬಾ ಸುಸ್ತು, ಪಾದ ಜೋಮು ಹಿಡಿದ ಹಾಗಿರುತ್ತದೆ. ಅಗ್ಗದಲ್ಲಿ ಏನು ತಿನ್ನಲಿ?

ಡಯಟೀಶಿಯನ್: ಊಟದ ಮಾತು ಆಮೇಲೆ. ಈ ವಾರವೇ ಡಾಕ್ಟರಿಗೆ ತೋರಿಸಿ. ವಿಟಮಿನ್ ಬಿ12, ಶುಗರ್ ಎರಡೂ ನೋಡಲಿ. ಹಾಲು, ಮೊಟ್ಟೆ ಯಾವುದೂ ಇಲ್ಲದ ಸಸ್ಯಾಹಾರದಲ್ಲಿ ಬಿ12 ಸಿಗುವುದಿಲ್ಲ. ಕೊರತೆ ಹಾಗೇ ಉಳಿದರೆ ನರಗಳು ಪೂರ್ತಿ ಸುಧಾರಿಸದೇ ಹೋಗಬಹುದು. ಸುಮ್ನೆ ಫೋಲಿಕ್ ಆಸಿಡ್ ಮಾತ್ರೆ ನುಂಗಬೇಡಿ. ರಕ್ತ ಸರಿಯಾದ ಹಾಗೆ ಕಾಣುತ್ತದೆ, ನರದ ಹಾನಿ ಒಳಗೇ ಬೆಳೆಯುತ್ತದೆ.

ಇನ್ನು ಊಟ. ಅಲ್ಲಿ ಟರ್ಕಿಯವರ ಅಂಗಡಿಗಳಿವೆ ಅಲ್ವಾ? ಮಸೂರ್ ಬೇಳೆ, ಕಡಲೆಕಾಳು, ಗೋಧಿಯ ಬುಲ್ಗುರ್ ತನ್ನಿ. ಅವರ ಮೆರ್ಜಿಮೆಕ್ ಸೂಪ್ ಮಾಡುವುದು ಸುಲಭ. ಬೇಳೆ, ಈರುಳ್ಳಿ ಬೇಯಿಸಿ ಕಡೆಯಿರಿ. ಒಣ ಪುದೀನ, ಮೆಣಸಿನಪುಡಿ ಒಗ್ಗರಣೆ ಕೊಡಿ. ನಿಂಬೆ ಹಿಂಡುವುದನ್ನು ಮರೆಯಬೇಡಿ, ಬೇಳೆಯ ಕಬ್ಬಿಣ ಮೈಗೆ ಹತ್ತಲು ಅದು ಬೇಕು. ಊಟದ ಜೊತೆ ಚಹಾ ಬೇಡ. ಮೆಕ್ಸಿಕೊದವರ ಹಾಗೆ ಬೀನ್ಸ್ ಜೊತೆ ಟೋರ್ಟಿಯಾ ಎಂಬ ಮೆಕ್ಕೆಜೋಳದ ರೊಟ್ಟಿಯನ್ನೂ ತಿನ್ನಬಹುದು. ಅವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ, ಅದರಲ್ಲಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ಸಿಗುವ ಹಾಗೆ ಬಿಟ್ಟುಕೊಳ್ಳುವುದು ಆಗಲೇ. ಸುಣ್ಣ ಬಿಟ್ಟು ಬರೀ ಮೆಕ್ಕೆಜೋಳದ ಮೇಲೆ ಬದುಕಿದ ಇಟಲಿಯ ಬಡ ರೈತರಿಗೆ ನಯಾಸಿನ್ ಕೊರತೆಯ ಕಾಯಿಲೆ ಪೆಲಾಗ್ರ ಬಂತು.

ಆದರೆ ಇವು ಯಾವುದರಲ್ಲೂ ಬಿ12 ಇಲ್ಲ. ಅದಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ಡಾಕ್ಟರ್ ಹೇಳುತ್ತಾರೆ.

ತುಮಕೂರಿನ ಸದಸ್ಯರು: ಫಾರ್ವರ್ಡ್ ಬಂದಿದೆ: "21 ದಿನ ಸ್ಪಿರುಲಿನಾ, ತಂಗಳನ್ನದ ನೀರು. ಬಿ12 ಕೊರತೆ ಮಾಯ!"

ಡಯಟೀಶಿಯನ್: ಇದನ್ನು ಅಳಿಸಿ. ಸ್ಪಿರುಲಿನಾ ಅನ್ನುವ ಪಾಚಿಯಲ್ಲಿರುವ ಬಿ12 ಬಹುಪಾಲು ನಮ್ಮ ಮೈಗೆ ಕೆಲಸಕ್ಕೆ ಬಾರದ್ದು. ತಂಗಳನ್ನವನ್ನೂ ನಂಬಿ ಕೂರುವಂತಿಲ್ಲ. ಆ ಹುಡುಗ ಇದನ್ನು ಓದಿ 21 ದಿನ ಕಾದರೆ ಯಾರು ಹೊಣೆ?

ತುಮಕೂರಿನ ಸದಸ್ಯರು: ನಮ್ಮ ಅಜ್ಜಿ ತಂಗಳನ್ನ ತಿಂದೇ ಗಟ್ಟಿಯಾಗಿದ್ದರು ಮೇಡಂ.

ಧಾರವಾಡದವರು: ಅಜ್ಜಿ ಮಜ್ಜಿಗಿ ಬಿಟ್ಟಿದ್ದರೇನ್ರಿ?

ಮಂಡ್ಯದವರು: ಮುದ್ದೆ ತಿಂದರೆ ಯಾವ ಬಿ12 ಚಿಂತೆಯೂ ಇಲ್ಲ.

ಡಯಟೀಶಿಯನ್: ತಪ್ಪು. ರಾಗಿಯಲ್ಲೂ ಬಿ12 ಇಲ್ಲ.

ಧಾರವಾಡದವರು: ಕೇಳಿದಿರೇನ್ರಿ? ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ನೋಡ್ರಿ.

ಮಂಡ್ಯದವರು: ಜೋಳದಲ್ಲಿ ಮಾತ್ರ ಇದೆಯಾ? ಸುಮ್ನಿರಿ.

ಹಾಸನದ ಸದಸ್ಯೆ: ಎಂಟು ತಿಂಗಳ ಮಗುವಿಗೆ ರಾಗಿ ಸರಿ ಎಷ್ಟು ಕೊಡಬೇಕು?

ಇನ್ನೊಬ್ಬರು: ಮೇಡಂ, ಕಿನ್ವಾ ಒಳ್ಳೆಯದಾ?

ಡಯಟೀಶಿಯನ್: ಮೊದಲ ಉತ್ತರ ಓದಿ.

ಇನ್ನೊಬ್ಬರು: ಓದಿದೆ. ಚಿಯಾ?

ಡಯಟೀಶಿಯನ್: ಬೇಡ. ರಾಗಿ, ಜೋಳದ ಜಗಳ ಬೇರೆ ಕಡೆ ಮಾಡಿ. ಬರ್ಲಿನ್‌ನವರೇ, ಅಪಾಯಿಂಟ್‌ಮೆಂಟ್ ಸಿಕ್ಕಿತಾ?

ಬರ್ಲಿನ್ ವಿದ್ಯಾರ್ಥಿ: ಗುರುವಾರಕ್ಕೆ ಸಿಕ್ಕಿದೆ ಮೇಡಂ.

ಡಯಟೀಶಿಯನ್: ಅಷ್ಟರಲ್ಲಿ ನಡಿಗೆ ತಡವರಿಸಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ತುಮಕೂರಿನ ಸದಸ್ಯರು: ಹಾಗಾದರೆ ತಂಗಳನ್ನ ತಿನ್ನಲೇಬಾರದಾ?